ಒಂದು ಪ್ಯಾಕೆಟ್ ಉಪ್ಪಿನ ಲೆಕ್ಕ

ಅಮ್ಮನಿಗೆ ಬಿಪಿ ಜಾಸ್ತಿ ಅಂತ ಗೊತ್ತಾದ ಮೇಲೆ ಒಂದು ಕೆಲಸ ಮಾಡಿದೆ. ಒಂದು ಕೇಜಿ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಟ್ಟೆ. ಮನೆಯಲ್ಲಿ ನಾವು ನಾಲ್ಕು ಜನ. 30 ದಿನಕ್ಕೆ ಖಾಲಿ! ಅಂದರೆ ಒಬ್ಬೊಬ್ಬರಿಗೆ ದಿನಕ್ಕೆ 8 ಗ್ರಾಂಗಿಂತ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಬೇಕರಿಯ ಖಾರಾ ಬಿಸ್ಕೆಟ್, ಚಿಪ್ಸ್ ಎಲ್ಲ ಈ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ ಅಲ್ವಾ? ಆ ತಾಯಿಗಾಗಿಯೇ ಉಪ್ಪು ಕಡಿಮೆ ಮಾಡಿದೆವು. ಈಗ ಚಪಾತಿ ಹಿಟ್ಟಿಗೆ ಉಪ್ಪಿಲ್ಲ. ಮಜ್ಜಿಗೆಗೆ ಶುಂಠಿ, ಕರಿಬೇವು ಜಜ್ಜಿ ಹಾಕುತ್ತೇವೆ. ಪಲ್ಯ ಇಳಿಸುವಾಗ ನಿಂಬೆಹಣ್ಣು ಹಿಂಡಿದರೆ ಅರ್ಧ ಉಪ್ಪು ಸಾಕು. ಉಪ್ಪಿನಕಾಯಿ ಭರಣಿ ಟೇಬಲ್ ಬಿಟ್ಟು ಅಟ್ಟಕ್ಕೆ ಹೋಯಿತು. ಮೊದಲ ವಾರ ಅಪ್ಪನಿಗೆ ಊಟವೇ ಸೇರಲಿಲ್ಲ, ಪಾಪ. ಮೂರನೇ ವಾರಕ್ಕೆ ಎಲ್ಲರ ನಾಲಿಗೆಯೂ ಒಗ್ಗಿಕೊಂಡಿತು.

ರಾತ್ರಿ ಊಟ ಆದ ಮೇಲೆ ಅಮ್ಮ, ನಾನು ಅರ್ಧ ಗಂಟೆ ನಡೆಯುತ್ತೇವೆ. ಹಳೇ ಕಥೆಗಳೆಲ್ಲ ಆಗಲೇ ಹೊರಗೆ ಬರುವುದು. ಈ ಸಲದ ಪ್ಯಾಕೆಟ್‌ಗೆ ಇವತ್ತು 43ನೇ ದಿನ. ಇನ್ನೂ ಸ್ವಲ್ಪ ಉಳಿದಿದೆ.