ಒಂದೆರಡು ಸೆಂಟಿಮೀಟರ್ ಕಮ್ಮಿ ಇದ್ರೆ ಅಡ್ಜಸ್ಟ್ ಮಾಡ್ತಾರಾ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ‘ನಮ್ಮ ಹುಡುಗನಿಗೆ ಆರು ವರ್ಷ, ವಂಡರ್‌ಲಾದಲ್ಲಿ ಬಿಡ್ತಾರಾ?’ ‘ಪಾಪುಗೆ ಈಗಷ್ಟೇ ಮೂರು ತುಂಬಿದೆ, ಕರ್ಕೊಂಡು ಹೋದ್ರೆ ದುಡ್ಡು ದಂಡ ಅಲ್ವಾ?’ ರೈಡ್ ಹತ್ತಲು ಇಷ್ಟು ಎತ್ತರ ಇರಲೇಬೇಕು ಅನ್ನುವ ನಿಯಮ ಇದೆಯಲ್ಲ, ಸುತ್ತಿ ಬಳಸಿ ಎಲ್ಲರೂ ಬಂದು ನಿಲ್ಲುವುದು ಅಲ್ಲಿಗೆ: ‘ಒಂದೆರಡು ಸೆಂಟಿಮೀಟರ್ ಕಮ್ಮಿ ಇದ್ರೆ ಅಡ್ಜಸ್ಟ್ ಮಾಡ್ತಾರಾ?’ ಹಾಸನ, ತುಮಕೂರು ಕಡೆಯಿಂದ ಬರುವ ನೆಂಟರ ಮಕ್ಕಳನ್ನು ಬಿಡದಿ ಹತ್ತಿರದ ಈ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗುವ ಕೆಲಸ ಮೊದಲಿನಿಂದಲೂ ನನ್ನ ತಲೆಗೇ ಕಟ್ಟಿದ್ದಾರೆ. ಅದಕ್ಕೇ ಪಾರ್ಕ್ ನನ್ನದೇ ಅನ್ನುವ ಹಾಗೆ ನನ್ನನ್ನು ಕೇಳುತ್ತಾರೆ.

ಉತ್ತರ ಚಿಕ್ಕದು. ಮಾಡಲ್ಲ. ಮಾಡಬಾರದು. ಕೇಳಲೂಬಾರದು.

ಆದರೂ ಕೇಳುತ್ತಾರೆ. ಹೋದ ಸಲ ನಮ್ಮ ಮುಂದೆ ಒಬ್ಬ ಅಜ್ಜಿ ಮೊಮ್ಮಗನ ಕೈ ಹಿಡಿದು ನಿಂತಿದ್ದರು. ಕ್ಯೂ ಕೊನೆಯಲ್ಲಿ ಹೈಟ್ ನೋಡುವ ಹುಡುಗ ಮಗುವಿನ ಟೋಪಿ ತೆಗೆಸಿದ, ಚಪ್ಪಲಿ ಬಿಡಿಸಿದ, ಕಂಬಕ್ಕೆ ಬೆನ್ನು ಆನಿಸಿ ನಿಲ್ಲಿಸಿ ತಲೆಯ ಮೇಲೆ ಅಂಗೈ ಮಟ್ಟವಾಗಿ ಇಟ್ಟ. ಕೈ ಗೆರೆಗಿಂತ ಎರಡು ಬೆರಳು ಕೆಳಗೇ ಉಳಿಯಿತು.

‘ಮುಂದಿನ ತಿಂಗಳು ಏಳು ತುಂಬುತ್ತೆ ಕಣಪ್ಪಾ.’

‘ವಯಸ್ಸಲ್ಲ ಅಜ್ಜಿ, ಹೈಟು.’

‘ಅವರಪ್ಪ ಪಕ್ಕದಲ್ಲೇ ಕೂತ್ಕೊಂಡು ಗಟ್ಟಿಯಾಗಿ ಹಿಡ್ಕೋತಾನೆ. ಸ್ವಲ್ಪ ಅಡ್ಜಸ್ಟ್ ಮಾಡಪ್ಪಾ.’

ಹುಡುಗ ನಕ್ಕು, ಪಕ್ಕದ ಗೇಟ್ ತೋರಿಸಿದ. ಅಜ್ಜಿಗೆ ಸಿಟ್ಟು ಬಂತು. ಆ ಹುಡುಗ ಮಾಡಿದ್ದು ಸರಿ. ಅಜ್ಜಿಯ ಮಾತಿನಲ್ಲೇ ತಪ್ಪು ಎಲ್ಲಿದೆ ಅಂತ ಕಾಣುತ್ತೆ ನೋಡಿ: ‘ಅವರಪ್ಪ ಹಿಡ್ಕೋತಾನೆ.’ ಅಪ್ಪ ಹಿಡಿದುಕೊಳ್ಳಲಾರ. ಅದೇ ಇಡೀ ವಿಷಯ.

ರೋಲರ್ ಕೋಸ್ಟರ್ ಮೇಲೇರಿ ತಟ್ಟನೆ ಇಳಿಯುವಾಗ ಗಾಡಿ ಕೆಳಗೆ ಹೋಗುತ್ತದೆ, ಮೈ ಇನ್ನೂ ಮೇಲಕ್ಕೇ ಹೊರಟಿರುತ್ತದೆ. ಹೊಟ್ಟೆಯಲ್ಲಿ ಗುಳುಂ ಅನ್ನುವುದು ಆಗಲೇ. ಆ ಕ್ಷಣದಲ್ಲಿ ನಿಮ್ಮನ್ನು ಹಿಡಿದಿರುವುದು ಸೀಟಲ್ಲ, ತೊಡೆಯ ಮೇಲೆ ಕೂತ ಬಾರು (ಅಡ್ಡ ಸರಳು) ಅಥವಾ ಹೆಗಲ ಮೇಲಿಂದ ಇಳಿದ ಹಾರ್ನೆಸ್. ಬಾರು ತೊಡೆಯ ಬುಡದಲ್ಲಿ, ಸೊಂಟದ ಎಲುಬಿಗೆ ಹತ್ತಿರ ಬಿಗಿಯಾಗಿ ಕೂರಬೇಕು. ಹಾರ್ನೆಸ್ ಹೆಗಲಿಗೆ ತಾಗಬೇಕು. ಚಿಕ್ಕ ಮಗುವಿನ ತೊಡೆ ಗಿಡ್ಡ. ಮಂಡಿ ಸೀಟಿನ ಅಂಚಿಗೆ ಬರಲಿ ಅಂತ ಮಗು ಮುಂದಕ್ಕೆ ಜಾರುತ್ತದೆ. ಹಾಗೆ ಜಾರಿದಾಗ ಬಾರು ತೊಡೆ ಬಿಟ್ಟು ಮೆತ್ತಗಿನ ಹೊಟ್ಟೆಯ ಮೇಲೆ ಬರುತ್ತದೆ. ಹಾರ್ನೆಸ್ ಇದ್ದರೆ ಹೆಗಲಿಗೂ ಅದಕ್ಕೂ ನಡುವೆ ಜಾಗ ಉಳಿಯುತ್ತದೆ. ಕಾಲು ನೆಲಕ್ಕೆ ತಾಗದೆ ಇರುವುದರಿಂದ ಊರಿ ನಿಲ್ಲಲೂ ಆಗುವುದಿಲ್ಲ.

ಇನ್ನು ಒಂದೇ ಬಾರು ಇಬ್ಬರಿಗೂ ಇರುವ ಸೀಟು ಇನ್ನೂ ಮೋಸ. ಅಪ್ಪನ ಹೊಟ್ಟೆಗೆ ತಾಗಿ ಬಾರು ನಿಂತುಬಿಡುತ್ತದೆ. ಪಕ್ಕದಲ್ಲಿ ಕೂತ ಮಗುವಿನ ತೊಡೆಗೂ ಬಾರಿಗೂ ನಡುವೆ ಒಂದು ಗೇಣು ಖಾಲಿ. ಅಪ್ಪನಿಗೆ ಅದು ಕಾಣುವುದೂ ಇಲ್ಲ, ಅವನಿಗೆ ಬಿಗಿಯಾಗಿಯೇ ಇದೆಯಲ್ಲ!

ಕ್ಯೂನಲ್ಲಿ ಪ್ರತಿ ಮಗುವಿನ ತೊಡೆ, ಸೊಂಟ, ಹೆಗಲು ಅಳೆಯುತ್ತಾ ಕೂರಲು ಆಗುವುದಿಲ್ಲ. ಎತ್ತರವನ್ನಾದರೆ ಎರಡು ಸೆಕೆಂಡಿನಲ್ಲಿ ನೋಡಬಹುದು. ಆ ಎತ್ತರ ಎಷ್ಟಿರಬೇಕು ಅಂತ ಮೊದಲು ಹೇಳುವುದು ರೈಡ್ ತಯಾರಿಸಿದ ಕಂಪನಿ. ಪಾರ್ಕಿನವರು ಬೇಕಾದರೆ ಅದಕ್ಕಿಂತ ಜಾಸ್ತಿ ಇಡಬಹುದು, ಕಮ್ಮಿ ಮಾಡುವ ಹಾಗಿಲ್ಲ. ಹಾಗಿರುವಾಗ ಕಂಬದ ಹತ್ತಿರ ನಿಂತ ಹುಡುಗನ ಕೈಯಲ್ಲಿ ಏನಿದೆ? ಅವನನ್ನು ಬೇಡಿಕೊಳ್ಳುವುದು, ಬೈಯುವುದು ಎರಡೂ ದಂಡ.

ದೊಡ್ಡ ದೇಹಕ್ಕೂ ಇದೇ ಲೆಕ್ಕ. 2022ರ ಮಾರ್ಚ್‌ನಲ್ಲಿ ಅಮೆರಿಕದ ಒರ್ಲ್ಯಾಂಡೊದಲ್ಲಿ ಒಂದು ಡ್ರಾಪ್ ಟವರ್‌ನಿಂದ (ಎತ್ತರಕ್ಕೆ ಏರಿಸಿ ಸೀಟು ಸಮೇತ ತಟ್ಟನೆ ಕೆಳಗೆ ಬಿಡುವ ರೈಡ್) 14 ವರ್ಷದ ಹುಡುಗ ಬಿದ್ದು ತೀರಿಕೊಂಡ. ಅವನು ಎತ್ತರದ, ದಪ್ಪ ಮೈಯ ಹುಡುಗ. ಅವನ ಸೀಟಿನ ಸೆನ್ಸರನ್ನು ಕೈಯಿಂದ ಹೊಂದಿಸಿ, ಹಾರ್ನೆಸ್ಸಿಗೂ ಸೀಟಿಗೂ ನಡುವೆ ಇರಬೇಕಾದ್ದಕ್ಕಿಂತ ಜಾಸ್ತಿ ಜಾಗ ಬಿಟ್ಟಿದ್ದರು ಅಂತ ತನಿಖೆಯಲ್ಲಿ ಗೊತ್ತಾಯಿತು. ಮಷೀನು ಸರಿಯಾಗಿಯೇ ಓಡುತ್ತಿತ್ತು. ನಡುವಿನ ಜಾಗವೇ ಜೀವ ತೆಗೆಯಿತು.

ಇನ್ನು ತಮಾಷೆಯ ವಿಷಯಕ್ಕೆ ಬರೋಣ. ಬಿಡದಿ ಹತ್ತಿರದ ವಂಡರ್‌ಲಾ 2005ರಲ್ಲಿ ಶುರುವಾಯಿತು. ಅಲ್ಲಿ ಟಿಕೆಟ್ ಕೂಡ ಎತ್ತರದ ಮೇಲೆಯೇ. 85 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಫ್ರೀ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದರ ಮೇಲೆ ಪೂರ್ತಿ ದುಡ್ಡು. ಹಾಗಾಗಿ ಬೆಳಗ್ಗೆ ಕೌಂಟರ್ ಮುಂದೆ ‘ಸ್ವಲ್ಪ ಬಗ್ಗು, ಮಂಡಿ ಮಡಚು’ ಅಂತ ಪಿಸುಗುಟ್ಟುವ ಅಪ್ಪಂದಿರೇ ಅರ್ಧ ಗಂಟೆ ಬಿಟ್ಟು ರೈಡ್ ಮುಂದೆ ‘ನೆಟ್ಟಗೆ ನಿಲ್ಲೋ, ಕತ್ತು ಎತ್ತೋ’ ಅಂತ ಗದರುತ್ತಾರೆ. ಮಗು ಏನು ಮಾಡಬೇಕು ಪಾಪ! ತುದಿಗಾಲಲ್ಲಿ ನಿಲ್ಲಿಸುವವರು, ಶೂ ಒಳಗೆ ಪೇಪರ್ ತುರುಕುವವರು, ಹುಡುಗಿಯರ ಜುಟ್ಟನ್ನು ನೆತ್ತಿಯ ಮೇಲೆ ಕಟ್ಟಿ ತರುವವರು, ಎಲ್ಲರನ್ನೂ ನೋಡಿದ್ದೇನೆ. ನಾಲ್ಕು ಇಂಚು ದಪ್ಪ ಅಟ್ಟೆಯ ಶೂ ಹಾಕಿದರೂ ತೊಡೆ ಉದ್ದವಾಗುವುದಿಲ್ಲ.

ಆದ್ದರಿಂದ ನನ್ನನ್ನು ಕೇಳುವವರಿಗೆ ನಾನು ಮೊದಲು ಹೇಳುವುದು: ವಯಸ್ಸು ಹೇಳಬೇಡಿ, ಸೆಂಟಿಮೀಟರ್ ಹೇಳಿ. ನಮ್ಮಲ್ಲಿ ‘ಮೂರುವರೆ ಅಡಿ ಇರಬಹುದು’ ಅನ್ನುತ್ತಾರೆ. ‘ಇರಬಹುದು’ ಕೆಲಸಕ್ಕೆ ಬರುವುದಿಲ್ಲ. ಮಗುವನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ. ಹಿಮ್ಮಡಿ, ಕುಂಡೆ, ಬೆನ್ನು ಗೋಡೆಗೆ ತಾಗಲಿ, ಕಣ್ಣು ನೇರ ಮುಂದೆ ನೋಡಲಿ. ದಪ್ಪ ರಟ್ಟಿನ ಪುಸ್ತಕವನ್ನು ತಲೆಯ ಮೇಲೆ ಮಟ್ಟವಾಗಿ ಇಟ್ಟು, ಗೋಡೆಗೆ ಒತ್ತಿ, ಪುಸ್ತಕದ ಕೆಳಗಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ. ಆಮೇಲೆ ನೆಲದಿಂದ ಸ್ಟೀಲ್ ಟೇಪ್ ಹಿಡಿದು ಅಳೆಯಿರಿ. ಬಟ್ಟೆ ಟೇಪು ಎಳೆದರೆ ಹಿಗ್ಗುತ್ತದೆ. ಸಂಜೆಗಿಂತ ಬೆಳಗ್ಗೆ ಎಲ್ಲರೂ ಒಂಚೂರು ಎತ್ತರ. ದಿನವಿಡೀ ಓಡಾಡಿ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಸ್ವಲ್ಪ ಒತ್ತಿಕೊಳ್ಳುತ್ತವೆ. ಹಾಗಾಗಿ ಸರಿಯಾಗಿ ಗೆರೆಗೆ ತಾಗುವ ಮಗುವನ್ನು ಬೆಳಗ್ಗೆಯೇ ಆ ರೈಡಿಗೆ ಕರೆದುಕೊಂಡು ಹೋಗಿ. ಇದು ಮೋಸ ಅಲ್ಲ!

ಅಂದಾಜಿಗೆ ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಚಿಕ್ಕ ಮಕ್ಕಳ ಬೆಳವಣಿಗೆಯ ಪಟ್ಟಿ ಹೊರತಂದಿತು. ಅದಕ್ಕಾಗಿ ಮಕ್ಕಳನ್ನು ಅಳೆದ ಆರು ದೇಶಗಳಲ್ಲಿ ಭಾರತವೂ ಒಂದು. ಅದರ ಪ್ರಕಾರ ಎರಡು ವರ್ಷದ ಮಗು ಸುಮಾರು 86–87 ಸೆಂ.ಮೀ., ಮೂರಕ್ಕೆ 95–96, ನಾಲ್ಕಕ್ಕೆ 103, ಐದಕ್ಕೆ 110. ದೊಡ್ಡ ಮಕ್ಕಳ ಪಟ್ಟಿಯಲ್ಲಿ ಏಳಕ್ಕೆ 121, ಹತ್ತಕ್ಕೆ 138ರ ಹತ್ತಿರ. ಇವು ನಡುವಿನ ಅಂಕಿಗಳು, ಅಂದರೆ ಅರ್ಧ ಮಕ್ಕಳು ಇದಕ್ಕಿಂತ ಕಮ್ಮಿಯೇ ಇರುತ್ತಾರೆ. ನಿಮ್ಮ ಮಗು ಕಮ್ಮಿ ಇದ್ದರೆ ಗಾಬರಿ ಏನೂ ಬೇಡ. ನಾಲ್ಕೈದು ವರ್ಷದ ಮೇಲೆ ಮಕ್ಕಳು ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೆಯುತ್ತಾರೆ. ಎರಡು ಸೆಂಟಿಮೀಟರ್ ಸಾಲದು ಅಂದರೆ ನಾಲ್ಕೈದು ತಿಂಗಳ ಮಾತು. ಮೇ ತಿಂಗಳಲ್ಲಿ ಗೆರೆಗೆ ತಾಗದ ಹುಡುಗ ದಸರಾ ರಜೆಯಲ್ಲಿ ತಾಗುತ್ತಾನೆ. ಅಷ್ಟಕ್ಕೋಸ್ಕರ ಅಡ್ಜಸ್ಟ್ ಮಾಡಿಸಿಕೊಳ್ಳಬೇಕಾ?

ಅಳತೆ ಸಿಕ್ಕ ಮೇಲೆ ಪಾರ್ಕಿನ ವೆಬ್‌ಸೈಟ್‌ನಲ್ಲಿ ಪ್ರತಿ ರೈಡಿಗೂ ಎಷ್ಟು ಹೈಟ್ ಬೇಕು ಅಂತ ನೋಡಿ. ‘ಇಷ್ಟಕ್ಕಿಂತ ಜಾಸ್ತಿ ಇರಬಾರದು’ ಅನ್ನುವ ರೈಡುಗಳೂ ಇರುತ್ತವೆ. ಪುಟ್ಟ ಮಕ್ಕಳ ರೈಲು, ಪುಟ್ಟ ಕಾರಿನಲ್ಲಿ ದೊಡ್ಡವರ ಮಂಡಿ ಹಿಡಿಯುವುದಿಲ್ಲ. ಮನೆಯಲ್ಲಿ ಹತ್ತು ವರ್ಷದ ಅಕ್ಕ, ನಾಲ್ಕು ವರ್ಷದ ತಮ್ಮ ಇದ್ದರೆ ಇಬ್ಬರಿಗೂ ಆಗುವ ಒಣ ರೈಡುಗಳು ಕಮ್ಮಿ ಅಂತ ಆಗಲೇ ಗೊತ್ತಾಗುತ್ತದೆ. ಅಂಥ ಮನೆಯವರು ನೀರಿಗೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಮಕ್ಕಳ ಕೊಳ, ಅಲೆಗಳ ಕೊಳದ ಅಂಚು, ಮಳೆಯ ಹಾಗೆ ನೀರು ಸುರಿಯುವ ಜಾಗ, ಇಲ್ಲೆಲ್ಲ ಎಲ್ಲರೂ ಒಟ್ಟಿಗೆ ಇರಬಹುದು. ಅಲ್ಲಿ ಹೈಟಿಗಿಂತ ದೊಡ್ಡವರ ಕಣ್ಣು ಮುಖ್ಯ, ಲೈಫ್ ಜಾಕೆಟ್ ಇದ್ದರೂ ಕೈಯಳತೆಯಲ್ಲೇ ಇರಿ. (ಅಂದ ಹಾಗೆ, ಕಾಟನ್ ಬಟ್ಟೆಯಲ್ಲಿ ನೀರಿಗೆ ಬಿಡುವುದಿಲ್ಲ. ಇದಕ್ಕೂ ಜನ ವಾಪಸ್ ಬರುತ್ತಾರೆ.)

ದೊಡ್ಡ ರೈಡುಗಳಿಗೆ ಗುಂಪನ್ನು ಎರಡು ಮಾಡಿಕೊಳ್ಳುವುದೇ ದಾರಿ. ಅಪ್ಪ ದೊಡ್ಡ ಮಗಳ ಜೊತೆ ಹೋಗಿ ಬರಲಿ, ಅಷ್ಟರಲ್ಲಿ ಅಮ್ಮ ಚಿಕ್ಕವನಿಗೆ ಬೇರೇನಾದರೂ ಆಡಿಸಲಿ. ಆಮೇಲೆ ಅದಲು ಬದಲು. ಯಾವಾಗಲೂ ಅಮ್ಮನೇ ಬ್ಯಾಗು ಕಾಯುತ್ತಾ ಕೂರುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಅವಳೂ ಟಿಕೆಟ್ ಕೊಟ್ಟೇ ಒಳಗೆ ಬಂದಿರುವುದು. ಹೊರದೇಶದ ಡಿಸ್ನಿ, ಯೂನಿವರ್ಸಲ್ ಪಾರ್ಕುಗಳಲ್ಲಿ ಇದಕ್ಕೆ ವ್ಯವಸ್ಥೆಯೇ ಇದೆ. ಡಿಸ್ನಿಯಲ್ಲಿ ‘ರೈಡರ್ ಸ್ವಿಚ್’ ಅನ್ನುತ್ತಾರೆ. ಒಬ್ಬರು ಹೋಗಿ ಬಂದ ಮೇಲೆ ಇನ್ನೊಬ್ಬರು ಮತ್ತೆ ಮೊದಲಿನಿಂದ ಕ್ಯೂ ನಿಲ್ಲಬೇಕಿಲ್ಲ. ಬೆಂಗಳೂರಿನಿಂದ ಮಕ್ಕಳ ಜೊತೆ ಸಿಂಗಪುರಕ್ಕೆ ಹೋಗುವವರು ಈಗ ಬೇಕಾದಷ್ಟು. ಅಲ್ಲಿನ ಯೂನಿವರ್ಸಲ್‌ನಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಾಕ್ಟಿಕಾ ಕೋಸ್ಟರ್‌ಗೆ 125 ಸೆಂ.ಮೀ. ಬೇಕು, ಟ್ರಾನ್ಸ್‌ಫಾರ್ಮರ್ಸ್ ರೈಡಿಗೆ 102 ಸಾಕು. ಆದರೆ 122ರೊಳಗಿನ ಮಕ್ಕಳ ಜೊತೆ ದೊಡ್ಡವರು ಇರಲೇಬೇಕು. ವಿಮಾನದ ಟಿಕೆಟ್ ಬುಕ್ ಮಾಡುವ ಮುಂಚೆ ಮಗುವನ್ನು ಗೋಡೆಗೆ ನಿಲ್ಲಿಸಿ ನೋಡಿದರೆ ಒಳ್ಳೆಯದು.

ಮಗುವಿಗೆ ಹೇಳುವುದು ಹೇಗೆ ಅಂತಲೂ ಕೇಳುತ್ತಾರೆ. ಮನೆಯಲ್ಲೇ ಹೇಳಿಬಿಡಿ. ‘ಈ ನಾಲ್ಕರಲ್ಲಿ ನೀನು ಕೂರಬಹುದು, ಆ ಎರಡರಲ್ಲಿ ಬೆಲ್ಟು ನಿನಗೆ ಸಡಿಲ, ಇನ್ನೊಂದು ಸಲಕ್ಕೆ’ ಅಂದರೆ ಮಕ್ಕಳಿಗೆ ಅರ್ಥ ಆಗುತ್ತದೆ. ಒಂದು ಗಂಟೆ ಕ್ಯೂ ನಿಂತು ಕಂಬದ ಹತ್ತಿರ ಹೇಳಿದರೆ ಅಳುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಒಂದು ಮಾತು ಮಾತ್ರ ದಯವಿಟ್ಟು ಬೇಡ: ‘ಸೊಪ್ಪು ತಿನ್ನು ಅಂದ್ರೆ ತಿನ್ನಲ್ಲ, ಹಾಲು ಕುಡಿ ಅಂದ್ರೆ ಕುಡಿಯಲ್ಲ, ಅದಕ್ಕೇ ನೋಡು ಕುಳ್ಳಾಗಿದೀಯ.’ ಇದನ್ನು ಕ್ಯೂನಲ್ಲಿ ಎಲ್ಲರೆದುರು ಹೇಳುವವರಿದ್ದಾರೆ. ಅದರಲ್ಲೂ ಒಂಬತ್ತರ ಅಣ್ಣ ಗೆರೆಗೆ ತಾಗದೆ, ಎಂಟರ ಚಿಕ್ಕಪ್ಪನ ಮಗ ತಾಗಿ ಒಳಗೆ ಹೋದಾಗ ಆ ಅಣ್ಣನ ಮುಖ ನೋಡಬೇಕು. ಅಂಥ ಜೋಡಿ ನಿಮ್ಮ ಗುಂಪಿನಲ್ಲಿದ್ದರೆ ಆ ರೈಡಿನ ಕಡೆ ಇಬ್ಬರನ್ನೂ ಒಟ್ಟಿಗೆ ಕರೆದುಕೊಂಡು ಹೋಗಲೇಬೇಡಿ.

ಹೈಟ್ ತಾಗಿದ ಮಾತ್ರಕ್ಕೆ ಹತ್ತಿಸಬೇಕು ಅಂತಲೂ ಇಲ್ಲ. ನಾಲ್ಕೂವರೆ ವರ್ಷಕ್ಕೇ 110 ದಾಟುವ ಉದ್ದನೆಯ ಮಕ್ಕಳಿರುತ್ತಾರೆ. ಎರಡು ನಿಮಿಷ ಕೈ ಬಿಡದೆ, ಎದ್ದು ನಿಲ್ಲದೆ ಕೂರು ಅಂದರೆ ಕೂರುವ ಮಗುವಾ? ಅದನ್ನು ಕಂಬ ಹೇಳುವುದಿಲ್ಲ, ನೀವೇ ಹೇಳಬೇಕು. ಹೆದರಿ ಬೇಡ ಅಂದರೆ ಬೇಡ. ‘ಗಂಡು ಹುಡುಗ ಹೆದರ್ತೀಯಾ’ ಅನ್ನುವ ಮಾವಂದಿರನ್ನು ಮೊದಲು ಆ ರೈಡಿಗೆ ಹತ್ತಿಸಿ.

ಇಷ್ಟೆಲ್ಲ ನಿಯಮ ನೋಡುವ ನಾವೇ ಜಾತ್ರೆಯಲ್ಲಿ ಎಲ್ಲ ಮರೆಯುತ್ತೇವೆ. ಊರ ಜಾತ್ರೆಯ ಜಯಂಟ್ ವೀಲ್, ಕೊಲಂಬಸ್‌ಗಳ ಮುಂದೆ ಎಷ್ಟೋ ಕಡೆ ಹೈಟ್ ಬೋರ್ಡೇ ಇರುವುದಿಲ್ಲ. ದುಡ್ಡು ಕೊಟ್ಟರೆ ಹತ್ತಿಸುತ್ತಾರೆ. ಅಲ್ಲಿ ನೀವೇ ಕಂಬದ ಹುಡುಗನಾಗಬೇಕು. ಹತ್ತುವ ಮುಂಚೆ ಒಂದು ಸುತ್ತು ಸುಮ್ನೆ ನಿಂತು ನೋಡಿ: ಅಡ್ಡ ಸರಳು ಇದೆಯಾ, ಅದಕ್ಕೆ ಕೊಕ್ಕೆ ಬೀಳುತ್ತಾ, ನಿಮ್ಮ ಮಗುವಿನಷ್ಟೇ ಇರುವ ಮಗುವಿನ ತೊಡೆಗೆ ಅದು ತಾಗುತ್ತಾ? ಸರಳಿನ ಕೆಳಗೆ ಮಗು ನುಸುಳುವಷ್ಟು ಜಾಗ ಕಂಡರೆ ಚುರುಮುರಿ ಕೊಡಿಸಿ ಮುಂದೆ ನಡೆಯಿರಿ.

ಕೊನೆಗೂ ‘ಎಷ್ಟನೇ ವಯಸ್ಸಿಗೆ’ ಅಂತ ಕೇಳಿಯೇ ಕೇಳುತ್ತೀರಿ. ಮೂರರೊಳಗಿನ ಪಾಪುಗೆ ಅಷ್ಟು ದೂರ ಬೇಕಾಗಿಲ್ಲ, ಕಬ್ಬನ್ ಪಾರ್ಕಿನ ಬಾಲಭವನ ಸಾಕು. ನೀರಾಟಕ್ಕೆ, ಪುಟ್ಟ ರೈಡುಗಳಿಗೆ ನಾಲ್ಕೈದು ವರ್ಷ ಸರಿಯಾದ ಹೊತ್ತು. ದೊಡ್ಡ ಕೋಸ್ಟರುಗಳಿಗೋಸ್ಕರವೇ ಹೋಗುವುದಾದರೆ 140 ದಾಟುವವರೆಗೆ, ಹತ್ತು ಹನ್ನೊಂದು ವರ್ಷದವರೆಗೆ ಕಾಯಿರಿ. ಆಗ ಅವರು ದೊಡ್ಡ ರೈಡುಗಳಲ್ಲಿ ಹೆಚ್ಚಿನವಕ್ಕೆ ಹತ್ತಬಹುದು, ಟಿಕೆಟ್ ಮಾತ್ರ ದೊಡ್ಡವರದ್ದು. ಹೋಗುವುದು ವಾರದ ನಡುವೆ ಆಗಲಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನುವುದಾದರೆ ಸಂಜೆ ವಾಪಸ್ ಬರುವಾಗ ತಿನ್ನಿ, ಬೆಳಗ್ಗೆ ಹೋಗುವಾಗ ಬೇಡ.