ಪುಷ್ಕರದ ಮರಳಿನಲ್ಲಿ ಮರಿಕುದುರೆಯ ಬೆಲೆ

ಕುದುರೆ ಕೊಳ್ಳುವ ಯೋಚನೆಯಿದ್ದವರು ರಾಜಸ್ಥಾನದ ಪುಷ್ಕರದ ಜಾನುವಾರು ಸಂತೆಗೆ ಕಾರ್ತಿಕ ಹುಣ್ಣಿಮೆಯ ದಿನ ಹೋಗಿ ಪ್ರಯೋಜನವಿಲ್ಲ. ಸರೋವರದ ಘಾಟ್‌ಗಳಲ್ಲಿ ಸ್ನಾನದ ನೂಕುನುಗ್ಗಲು ಶುರುವಾಗುವ ಹೊತ್ತಿಗೆ ಒಳ್ಳೆಯ ಕುದುರೆಗಳು ಬಹುಪಾಲು ಲಾರಿ ಹತ್ತಿರುತ್ತವೆ. ದೀಪಾವಳಿ ಮುಗಿದ ನಾಲ್ಕೈದು ದಿನಕ್ಕೆ ಅಜ್ಮೀರದಲ್ಲಿ ರೈಲಿಳಿದರೆ ಸರಿಹೋಗುತ್ತದೆ. ಅಲ್ಲಿಂದ ನಾಗಪಹಾಡದ ತಿರುವುಗಳನ್ನು ದಾಟಿದರೆ ಪುಷ್ಕರ. ಬ್ರಹ್ಮನ ಗುಡಿ ಸಂಜೆಗಿರಲಿ, ಬೆಳಗಿನ ಹೊತ್ತು ಸಂತೆಯ ಮೈದಾನಕ್ಕೆ ಬೇಕು.

ಸೂರ್ಯ ಹುಟ್ಟುವ ಮೊದಲೇ ಸಾಲುಗಳ ನಡುವೆ ಸುಮ್ಮನೆ ಒಂದು ಸುತ್ತು ಹಾಕಬೇಕು. ಮುಂಗಾಲಿಗೆ ಅಗಾಡಿ, ಹಿಂಗಾಲಿಗೆ ಪಿಛಾಡಿ ಹಗ್ಗ ಬಿಗಿದು ನಿಲ್ಲಿಸಿದ ಮಾರವಾಡಿ ಕುದುರೆಗಳೇ ಹೆಚ್ಚು. ನಡುನಡುವೆ ಕಾಠಿಯಾವಾಡಿ, ಬಿಳಿಯ ನುಕ್ರಾ. ಮಲಗಿದ್ದ ಮರಿ ಎದ್ದು ಇಡುವ ಮೊದಲ ಹತ್ತು ಹೆಜ್ಜೆ ಆ ಹೊತ್ತಿನಲ್ಲಿ ಮಾತ್ರ ಸಿಗುತ್ತದೆ. ಕೀಲಿನ ಬಿಗಿತ ಕಾಣುವುದು ಅಲ್ಲೇ. ಎಂಟು ಗಂಟೆಯ ಮೇಲೆ ಮಾಲೀಶು, ಮಣಿಸರ, ದಲ್ಲಾಳಿ ಎಲ್ಲ ಬಂದು ಕುದುರೆ ಬೇರೆಯೇ ಆಗಿಬಿಡುತ್ತದೆ.

ಕರಿಬಣ್ಣದ, ಅಂದರೆ ಮುಶ್ಕಿ, ಗಂಡುಮರಿಯೊಂದನ್ನು ಉದಾಹರಣೆಗೆ ಹಿಡಿಯೋಣ. ಒಡೆಯ ಹೇಳುವ ವಯಸ್ಸು ಒಂದೂವರೆ ವರ್ಷ, ಕೇಳುವ ಬೆಲೆ 3 ಲಕ್ಷ. ಎತ್ತರ 57 ಇಂಚು ಇದೆ, ಮುಂದೆ 62 ಮುಟ್ಟುತ್ತದೆ ಎಂಬ ಭರವಸೆ. ಇಲ್ಲಿ ಎತ್ತರದ ಲೆಕ್ಕವೆಲ್ಲ ಇಂಚಿನಲ್ಲಿ, ಬೆಲೆ ಏರುವುದೂ ಇಂಚಿಂಚಿಗೆ.

ಮೊದಲು ಬಾಯಿ ಬಿಡಿಸಿ. ಒಂದೂವರೆ ವರ್ಷದ ಮರಿಗೆ ಮೇಲೆ ಆರು, ಕೆಳಗೆ ಆರು ಮುಂಹಲ್ಲು, ಎಲ್ಲವೂ ಹಾಲುಹಲ್ಲು. ಅವು ಚಿಕ್ಕವು, ಬೆಳ್ಳಗಿರುತ್ತವೆ, ಬುಡದಲ್ಲಿ ಸಣ್ಣ ಕುತ್ತಿಗೆಯಿರುತ್ತದೆ. ಸುಮಾರು ಎರಡೂವರೆ ವರ್ಷಕ್ಕೆ ನಡುವಿನ ಜೋಡಿ ಬಿದ್ದು ಅಗಲವಾದ, ಗೀರುಗಳಿರುವ, ತುಸು ಹಳದಿ ಹಲ್ಲು ಬರುತ್ತದೆ. ಮೂರೂವರೆಗೆ ಪಕ್ಕದ್ದು, ನಾಲ್ಕೂವರೆಗೆ ಅಂಚಿನದು. ಐದಕ್ಕೆ ಬಾಯಿಗೂಡುತ್ತದೆ, ಅಂದರೆ ಮುಂಹಲ್ಲೆಲ್ಲ ಕಾಯಂ ಹಲ್ಲೇ ಆಗಿರುತ್ತವೆ. ನಡುಹಲ್ಲು ಅಲ್ಲಾಡುತ್ತಿದ್ದರೆ ಅಥವಾ ಒಸಡು ಉಬ್ಬಿದ್ದರೆ ‘ಒಂದೂವರೆ ವರ್ಷ’ ಸುಳ್ಳು. ಒಂದು ವರ್ಷ ಕದಿಯುವುದರಿಂದ ಮಾರುವವನಿಗೇನು ಲಾಭ? ಒಂದೂವರೆ ವರ್ಷಕ್ಕೆ ಕುದುರೆ ತನ್ನ ಪೂರ್ಣ ಎತ್ತರದ ಶೇ. 95ರ ಆಸುಪಾಸು ಬೆಳೆದಿರುತ್ತದೆ. ನಿಜಕ್ಕೂ ಅಷ್ಟೇ ವಯಸ್ಸಾಗಿದ್ದರೆ 57 ಇಂಚಿನ ಮರಿ 60 ಮುಟ್ಟೀತು. ಎರಡೂವರೆ ಆಗಿದ್ದರೆ 58 ದಾಟುವುದು ಕಷ್ಟ. 62ರ ಮಾತು ಎರಡೂ ಲೆಕ್ಕದಲ್ಲಿ ನಿಲ್ಲುವುದಿಲ್ಲ.

ಎತ್ತರ ಅಳೆಯುವುದು ಗಟ್ಟಿ ನೆಲದಲ್ಲಿ, ಹೆಗಲ ಮೇಲ್ತುದಿಗೆ. ಮರಳಿನ ದಿಣ್ಣೆಯ ಮೇಲೆ ನಿಲ್ಲಿಸಿ, ಪಟ್ಟಿಯನ್ನು ಇಳಿಜಾರಿನ ಕಡೆ ಇಳಿಬಿಟ್ಟು ಇಂಚು ಗಿಟ್ಟಿಸುವುದು ಹಳೆಯ ಕೈಚಳಕ.

ಬಣ್ಣಕ್ಕೆ ಕೊಡುವ ದುಡ್ಡಿನಲ್ಲೇ ಜನ ಹೆಚ್ಚು ಕಳೆದುಕೊಳ್ಳುವುದು. ಮುಂದೆ ಬೆಳ್ಳಗಾಗುವ ಬೂದು ಕುದುರೆ, ಇಲ್ಲಿಯವರ ಸಬ್ಜಾ, ಹುಟ್ಟುವಾಗ ಕಪ್ಪಾಗಿಯೋ ಕಂದಾಗಿಯೋ ಇರುತ್ತದೆ. ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಿಳಿಗೂದಲು ಬೆರೆಯತೊಡಗಿದ್ದರೆ ಮುಶ್ಕಿಯ ಬೆಲೆ ಕೊಡಬೇಡಿ. ತಾಯಿ ಜೊತೆಯಲ್ಲಿದ್ದರೆ ನೋಡಿ: ತಂದೆತಾಯಿಯರಲ್ಲಿ ಒಂದಾದರೂ ಸಬ್ಜಾ ಇಲ್ಲದೆ ಮರಿ ಸಬ್ಜಾ ಆಗುವುದಿಲ್ಲ. ನುಕ್ರಾ ಎಂದು ಹೇಳಿದರೆ ಮೂತಿಯ ಚರ್ಮ ಗುಲಾಬಿಯಾಗಿರಬೇಕು. ನಾಲ್ಕು ಕಾಲೂ ಮುಖವೂ ಬಿಳಿಯಿರುವ ಪಂಚಕಲ್ಯಾಣಿಗೆ, ಕತ್ತಿನ ಮೇಲಿನ ದೇವಮಣಿ ಸುಳಿಗೆ ಸಂತೆಯಲ್ಲಿ ಬೆಲೆ ಏರುವುದು ನಿಜ. ನಂಬದವರಿಗೂ ಮುಂದೆ ಮಾರುವಾಗ ಆ ಲೆಕ್ಕ ಬರುತ್ತದೆ. ಆದರೆ ಸುಳಿ ಕುಂಟನ್ನು ಮುಚ್ಚುವುದಿಲ್ಲ.

ಕುಂಟನ್ನು ಮುಚ್ಚುವುದು ಮರಳು. ಮೆತ್ತನೆಯ ನೆಲದಲ್ಲಿ ಗೊರಸಿನ ನೋವು ಅಡಗಿಕೊಳ್ಳುತ್ತದೆ, ಎಲ್ಲ ಕುದುರೆಯೂ ತೇಲಿದಂತೆ ಕಾಣುತ್ತದೆ. ಮರಿಯನ್ನು ಹತ್ತಿರದ ಟಾರು ರಸ್ತೆಗೆ ತರಿಸಿ, ಹಗ್ಗ ಸಡಿಲ ಬಿಟ್ಟು ಟ್ರಾಟ್, ಅಂದರೆ ಹದವಾದ ವೇಗದ ಓಟ, ಓಡಿಸಲು ಹೇಳಿ. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲಿಗೆ ಕೆಳಗಿಳಿಯುತ್ತದೆ. ಹಿಂಗಾಲಿನದಾದರೆ ಸೊಂಟ ಒಂದೇ ಕಡೆ ಹೆಚ್ಚು ಎಗರುತ್ತದೆ. ರಸ್ತೆಗೆ ತರಲು ಒಡೆಯ ಒಪ್ಪದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಕಣ್ಣು ಮಂಪರು, ತುಟಿ ಜೋಲು, ಶಿಶ್ನ ಹೊರಗೆ ಇಳಿಬಿದ್ದಿದ್ದರೆ ಶಾಂತಗೊಳಿಸುವ ಮದ್ದು ಕೊಟ್ಟಿರುವ ಅನುಮಾನ ಇಟ್ಟುಕೊಂಡು ಮರುದಿನ ಮತ್ತೆ ನೋಡಿ.

ಸಂತೆಗೆಂದು ಕಡಲೆ, ಬಾರ್ಲಿ ತಿನ್ನಿಸಿ ಉಬ್ಬಿಸಿದ ಮರಿಗಳಲ್ಲಿ ಮುಂಗಾಲ ಮಂಡಿಯ ಮೇಲ್ಭಾಗ ಗಂಟುಕಟ್ಟಿದಂತೆ ದಪ್ಪವಾಗಿರಬಹುದು. ಬೆಳೆಯುವ ಮೂಳೆತುದಿಯ ಉರಿಯೂತ ಅದು. ಮೇವು ಇಳಿಸಿದರೆ ಎಷ್ಟೋ ಬಾರಿ ತಗ್ಗುತ್ತದೆ, ಹಾಗಾಗಿ ಬೆಲೆ ಇಳಿಸಿಕೊಂಡು ಕೊಳ್ಳಬಹುದು. ಹಿಂಗಾಲಿನ ಮೊಣಕೀಲಿನಲ್ಲಿ ನೀರು ತುಂಬಿದಂಥ ಊತಕ್ಕೆ ಮಾತ್ರ ಎಕ್ಸ್‌ರೇ ಇಲ್ಲದೆ ಮುಂದುವರಿಯಬಾರದು. ಒಳಗೆ ಎಲುಬಿನ ಚೂರು ಕಳಚಿರಬಹುದು. ಹೊಕ್ಕುಳಲ್ಲಿ ಅಂಡವಾಯು, ಕೆಳದವಡೆಗಿಂತ ಮುಂದೆ ಚಾಚಿದ ಮೇಲ್ದವಡೆ, ಚೀಲಕ್ಕೆ ಇಳಿಯದ ಒಂದು ಬೀಜ, ಇವುಗಳಲ್ಲಿ ಯಾವುದಿದ್ದರೂ ಬೀಜದ ಕುದುರೆಯ ಬೆಲೆ ಕೇಳುವ ಹಕ್ಕು ಒಡೆಯನಿಗಿಲ್ಲ.

ಇಷ್ಟಾದ ಮೇಲೆ ಲೆಕ್ಕ. ಅದೇ ಸಾಲಿನಲ್ಲಿ ಅದೇ ತಳಿಯ, 60 ಇಂಚಿನ, ಸವಾರಿಗೆ ಪಳಗಿದ ನಾಲ್ಕು ವರ್ಷದ ಕುದುರೆ ಎಷ್ಟಕ್ಕೆ ಹೋಗುತ್ತಿದೆ ಎಂದು ವಿಚಾರಿಸಿ. ಹೇಳಿದ ಬೆಲೆಯಲ್ಲ, ಕೈಗೆ ದುಡ್ಡು ಬಂದ ಬೆಲೆ. 4 ಲಕ್ಷ ಎಂದಿಟ್ಟುಕೊಳ್ಳೋಣ. ಮರಿ ಅಲ್ಲಿಗೆ ಮುಟ್ಟಲು 30 ತಿಂಗಳು. ಮೇವು, ಆಳು ಸೇರಿ ತಿಂಗಳಿಗೆ 6,000 ಹಿಡಿದರೂ 1,80,000. ಪಳಗಿಸುವುದು, ಗೊರಸು ಕೆತ್ತುವುದು, ಲಸಿಕೆ, ಹುಳದ ಔಷಧಿಗೆ 40,000. ಉಳಿಯುವುದು 1,80,000. ಸಾಯುವ, ಕುಂಟಾಗುವ, ನಿರೀಕ್ಷಿಸಿದಷ್ಟು ಬೆಳೆಯದಿರುವ ಅಪಾಯಕ್ಕೆ ಐದರಲ್ಲೊಂದು ಪಾಲು ಕಳೆದರೆ 1,44,000. ಲಾರಿ ಬಾಡಿಗೆಯನ್ನೂ ಇದರಲ್ಲೇ ಕಳೆಯಬೇಕು. ನಿಮ್ಮೂರಿನ ಖರ್ಚು ಹಾಕಿದರೆ ಅಂಕಿ ಬದಲಾಗುತ್ತದೆ, ಕ್ರಮ ಬದಲಾಗುವುದಿಲ್ಲ. 3 ಲಕ್ಷ ಮತ್ತು 1,44,000ದ ನಡುವಿನ ಅಂತರ ಮರಿಯ ಅಪ್ಪ ಹೆಸರುವಾಸಿ ಕುದುರೆ ಎಂದು ಹೇಳಿ ಆ ಹೆಸರಿಗೆ ಕೇಳುತ್ತಿರುವ ದುಡ್ಡು. ಆ ಹೆಸರಿಗೆ ನೋಂದಣಿ ಪತ್ರ, ಮೈಕ್ರೋಚಿಪ್ ಸಂಖ್ಯೆಯ ತಾಳೆ, ಇಲ್ಲವೇ ಬೇರುಸಹಿತ ಕಿತ್ತ ಕೂದಲಿನ ಡಿಎನ್‌ಎ ವರದಿ ಇದ್ದರೆ ಮಾತ್ರ ಚರ್ಚೆ ಮಾಡಬಹುದು. ಅಪ್ಪನದೆಂದು ತೋರಿಸುವ ಮೊಬೈಲಿನ ವಿಡಿಯೊ ಯಾವ ಕುದುರೆಯದೂ ಆಗಿರಬಹುದು.

ಬೆಲೆ ಕುದುರಿದರೆ ಪೂರ್ತಿ ದುಡ್ಡು ಎಣಿಸಬೇಡಿ. ಸಣ್ಣ ಮುಂಗಡ ಕೊಟ್ಟು, ಬಣ್ಣ, ಸುಳಿ, ಹಲ್ಲು, ಎತ್ತರ ಬರೆಸಿದ ಚೀಟಿಗೆ ಸಹಿ ಹಾಕಿಸಿ. ಗ್ಲ್ಯಾಂಡರ್ಸ್ ರಕ್ತಪರೀಕ್ಷೆ ನೆಗೆಟಿವ್ ಬಂದರೆ ಮಾತ್ರ ವ್ಯವಹಾರ ಎಂಬ ಸಾಲೂ ಅದರಲ್ಲಿರಲಿ. ಮನುಷ್ಯರಿಗೂ ಅಂಟುವ ರೋಗವದು, ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕಾಗುತ್ತದೆ. ಮೈದಾನದ ಪಶುಸಂಗೋಪನಾ ಇಲಾಖೆಯ ಕಚೇರಿಯಲ್ಲಿ ಮಾರಾಟ ಬರೆಸಿ ರವನ್ನಾ ಚೀಟಿ, ಅಂದರೆ ಕುದುರೆಯನ್ನು ಸಂತೆಯಿಂದ ಹೊರಗೊಯ್ಯುವ ಪರವಾನಗಿ, ಪಡೆಯಿರಿ, ಪಶುವೈದ್ಯರಿಂದ ಪ್ರಯಾಣಕ್ಕೆ ಯೋಗ್ಯ ಎಂಬ ಪ್ರಮಾಣಪತ್ರವನ್ನೂ ತೆಗೆದುಕೊಳ್ಳಿ. ಲಾರಿಯಲ್ಲಿ ತಲೆ ಎತ್ತರಕ್ಕೆ ಬಿಗಿದು ಕಟ್ಟಬಾರದು. ಗಂಟೆಗಟ್ಟಲೆ ತಲೆ ತಗ್ಗಿಸಲಾಗದ ಮರಿಗೆ ಶ್ವಾಸಕೋಶದ ಸೋಂಕು ಬೇಗ ಹತ್ತುತ್ತದೆ. ಹಗ್ಗ ಸಡಿಲವಿರಲಿ, ಆರೇಳು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ನೀರು ತೋರಿಸಿ, ಒಣಹುಲ್ಲನ್ನು ನೆಲಮಟ್ಟದಲ್ಲೇ ಹಾಕಿ.