ಮೇಷ್ಟ್ರ ಹಿಂದೆ ಬಿದ್ದು ಐದು ತಿಂಗಳು: ನ್ಯೆರೆರೆ ಟೈಮ್‌ಲೈನ್ ಎಲ್ಲಿಗೆ ಬಂತು

ಇವತ್ತಿಗೆ ಶೀಟ್‌ನಲ್ಲಿ 214 ಸಾಲು. ಶುರು ಮಾಡ್ದಾಗ ನಲವತ್ತು ಸಾಲಲ್ಲಿ ಮುಗಿದುಹೋಗುತ್ತೆ ಅಂದ್ಕೊಂಡಿದ್ದೆ, ಟಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ, ಹುಟ್ಟಿದ್ದು 1922, ತೀರ್ಕೊಂಡಿದ್ದು 1999, ಮಧ್ಯೆ ಒಂದು ಸ್ವಾತಂತ್ರ್ಯ ಒಂದು ಘೋಷಣೆ ಒಂದು ಯುದ್ಧ ಒಂದು ನಿವೃತ್ತಿ, ಎರಡು ಭಾನುವಾರದ ಕೆಲಸ ಅಷ್ಟೇ ಅಂತ. ಐದು ತಿಂಗಳಾಯ್ತು. ನನಗೆ ನಾನೇ ಹಾಕ್ಕೊಂಡ ರೂಲ್ ಒಂದೇ: ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಡೆ ಸಿಕ್ಕರೆ ಆ ಸಾಲು ಹಸಿರು, ಒಂದೇ ಕಡೆ ಸಿಕ್ಕರೆ ಹಳದಿ, ಬರೀ ಭಕ್ತರೋ ಬರೀ ಬೈಯೋರೋ ಹೇಳಿದ್ದಾದ್ರೆ ಕೆಂಪು. ಈಗ ಹಸಿರು ಜಾಸ್ತಿ ಇದೆ, ಆದ್ರೆ ಕೆಂಪಿನಲ್ಲಿರೋದೇ ಓದೋಕೆ ಮಜಾ, ಅದೇ ತಲೆನೋವು.

ಮೊದಲು ನನ್ನ ಪೆದ್ದುತನ ಹೇಳಿಬಿಡ್ತೀನಿ. ನೋಟ್ಸ್ ಮಾಡ್ಕೊಳ್ಳುವಾಗ ಒಂದು ಕಡೆ ನೈರೇರೆ, ಒಂದು ಕಡೆ ನ್ಯೆರೆರೆ, ಇನ್ನೊಂದು ಕಡೆ ನಿಯರೆರೆ ಅಂತ ಬರೆದಿದ್ದೆ, ಫಿಲ್ಟರ್ ಹಾಕಿದ್ರೆ ಮೂರು ಜನ ಅಧ್ಯಕ್ಷರು ಬಂದ್ರು. ಎಲ್ಲ ಒಂದೇ ಮಾಡೋಕೆ ಒಂದು ಸಂಜೆ ಹೋಯ್ತು. ಅದಕ್ಕಿಂತ ದೊಡ್ಡ ಎಡವಟ್ಟು ಟೈಮಿಂದು. ಅಲ್ಲಿನ ಭಾಷೆ ಸ್ವಾಹಿಲಿಯ ಬರಹ ಒಂದರಲ್ಲಿ ಸಭೆ 'ಸಾ ನ್ನೆ'ಗೆ ಅಂತಿತ್ತು, ನ್ನೆ ಅಂದ್ರೆ ನಾಲ್ಕು, ನಾನು ಸಂಜೆ ನಾಲ್ಕು ಅಂತ ಬರ್ಕೊಂಡೆ. ಆಮೇಲೆ ಗೊತ್ತಾಯ್ತು ಅವರ ಲೆಕ್ಕ ಸೂರ್ಯ ಹುಟ್ಟಿದ ಮೇಲೆ ಶುರು ಅಂತ, ಬೆಳಿಗ್ಗೆ ಏಳು ಅಂದ್ರೆ ಅವರಿಗೆ ಒಂದನೇ ಗಂಟೆ. ಹಾಗಾಗಿ ನಾಲ್ಕು ಅಂದ್ರೆ ಬೆಳಿಗ್ಗೆ ಹತ್ತು. ಆರು ಗಂಟೆ ಕೂಡಿಸ್ತಾ ಹದಿನೇಳು ಸಾಲು ತಿದ್ದಿದೆ.

ಹೆಸರಿನ ಕಥೆ ಚೆನ್ನಾಗಿದೆ. ಹುಟ್ಟಿದ್ದು ವಿಕ್ಟೋರಿಯಾ ಸರೋವರದ ಪೂರ್ವಕ್ಕಿರೋ ಬುಟಿಯಾಮದಲ್ಲಿ, 1922ರ ಏಪ್ರಿಲ್ 13. ಅವತ್ತು ಮಳೆ ಸುರೀತಿತ್ತಂತೆ, ಅದಕ್ಕೆ ಮಳೆಗೆ ಸಂಬಂಧಪಟ್ಟ ದೈವದ ಹೆಸರು ಇಟ್ರು, ಕಂಬರಾಗೆ. ಇನ್ನು ನ್ಯೆರೆರೆ ಅನ್ನೋದು ಅಪ್ಪನ ಹೆಸರು, ಅವರ ಬುಡಕಟ್ಟಿನ ಜನಾಕಿ ಭಾಷೇಲಿ ಕಂಬಳಿಹುಳ ಅಂತ ಅರ್ಥ, ಅಪ್ಪ ಹುಟ್ಟಿದ ವರ್ಷ ಹುಳದ ಕಾಟ ಇತ್ತಂತೆ. ಮಗ ಮಳೆ, ಅಪ್ಪ ಹುಳ. ಜೂಲಿಯಸ್ ಬಂದಿದ್ದು 1943ರ ಡಿಸೆಂಬರ್‌ನಲ್ಲಿ, ಕ್ಯಾಥೊಲಿಕ್ ದೀಕ್ಷೆ ತಗೊಂಡಾಗ. ಅಪ್ಪ ಜನಾಕಿಗಳ ಮುಖಂಡ, ಅಮ್ಮ ಅವರ ಐದನೇ ಹೆಂಡತಿ. ಶಾಲೆ ಮೆಟ್ಟಿಲು ಹತ್ತಿದ್ದೇ ಹನ್ನೆರಡನೇ ವಯಸ್ಸಿಗೆ, ಮುಸೋಮಾದಲ್ಲಿ. ಆಮೇಲೆ ಟಬೋರಾದ ಶಾಲೆ, ಉಗಾಂಡದ ಮಕೆರೆರೆ ಕಾಲೇಜು, ಸ್ವಲ್ಪ ದಿನ ಪಾಠ ಹೇಳಿದ್ದು, 1949ರಿಂದ 52ರ ತನಕ ಎಡಿನ್‌ಬರೋ, ಎಂ.ಎ. ಈ ಭಾಗ ಎಲ್ಲ ಹಸಿರು, ಯಾರೂ ಜಗಳ ಆಡಿಲ್ಲ, ಮುಂದೆ ಹೋಗ್ತೀನಿ.

ವಾಪಸ್ ಬಂದು ದಾರ್ ಎಸ್ ಸಲಾಮ್ ಹತ್ತಿರದ ಪುಗುನಲ್ಲಿ ಮೇಷ್ಟ್ರಾದ್ರು. 1954ರ ಜುಲೈ 7ಕ್ಕೆ ತಾನು ಪಕ್ಷ ಕಟ್ಟಿದ್ರು (ಪಕ್ಷದ ಹೆಸರೇ ತಾನು, ನಾನು ತಾನು ಅಲ್ಲ, ಈ ಪದ ಕನ್ನಡದಲ್ಲಿ ಬರೆಯೋವಾಗೆಲ್ಲ ವಾಕ್ಯ ಕೆಟ್ಟುಹೋಗುತ್ತೆ). ಏಳನೇ ತಿಂಗಳ ಏಳನೇ ತಾರೀಖು, ಅದಕ್ಕೆ ಆ ದಿನಕ್ಕೆ 'ಸಬಾ ಸಬಾ' ಅಂತಾರೆ, ಅಂದ್ರೆ ಏಳು ಏಳು. ಮುಂದಿನ ವರ್ಷ ಪಾಠ ಇಲ್ಲ ರಾಜಕೀಯ, ಎರಡರಲ್ಲಿ ಒಂದು ಆರಿಸ್ಕೋಬೇಕಾಗಿ ಬಂದಾಗ ಕೆಲಸ ಬಿಟ್ರು. ಆದ್ರೆ 'ಮ್ವಾಲಿಮು' ಅನ್ನೋ ಹೆಸರು ಬಿಡಲಿಲ್ಲ, ಸಾಯೋ ತನಕ, ಸತ್ತ ಮೇಲೂ. ಡಿಕ್ಷನರಿಲಿ ಶಿಕ್ಷಕ ಅಂತಿದೆ. ಎರಡು ತಿಂಗಳು ನಾನೂ ಶೀಟ್‌ನಲ್ಲಿ 'ಶಿಕ್ಷಕ' ಅಂತಲೇ ಬರೆದಿದ್ದೆ, ಏನೋ ಸಪ್ಪೆ. ಒಂದು ರಾತ್ರಿ ಥಟ್ ಅಂತ ಹೊಳೀತು, ಮ್ವಾಲಿಮು ಅಂದ್ರೆ ಶಿಕ್ಷಕ ಅಲ್ಲ ಮಾರಾಯ್ರೆ, ಮೇಷ್ಟ್ರು! ಅದೇ ಪ್ರೀತಿ ಅದೇ ಭಯ. ಅವತ್ತಿಂದ ಶೀಟ್ ಬೇರೆ ಥರ ಕಾಣ್ತಿದೆ.

ಯಾಕೆ ಅಂದ್ರೆ ಅವರು ಮಾಡಿದ್ದೆಲ್ಲ ಮೇಷ್ಟ್ರ ಕೆಲಸನೇ. 1958ರ ಜನವರಿಯಲ್ಲಿ ಟಬೋರಾದಲ್ಲಿ ಪಕ್ಷದ ಸಮ್ಮೇಳನ, ಬ್ರಿಟಿಷರು ತಂದ ಚುನಾವಣೆ ಪದ್ಧತಿ ಹೇಗಿತ್ತಂದ್ರೆ ಪ್ರತಿ ಮತದಾರ ಒಬ್ಬ ಆಫ್ರಿಕನ್ನ, ಒಬ್ಬ ಏಷ್ಯನ್ನ, ಒಬ್ಬ ಯುರೋಪಿಯನ್ನ, ಮೂರು ಜನಕ್ಕೆ ವೋಟ್ ಹಾಕ್ಲೇಬೇಕು. ಬಹಿಷ್ಕಾರ ಹಾಕೋಣ ಅಂತ ಪಕ್ಷದಲ್ಲಿ ಕೂಗು. ನ್ಯೆರೆರೆ ಮಾತ್ರ, ಬಹಿಷ್ಕಾರ ಬೇಡ, ಚುನಾವಣೆಗೆ ನಿಲ್ಲೋಣ ಅಂತ ಕೂತು ಒಪ್ಪಿಸಿದ್ರು, ಒಪ್ಪದವರು ಹೊರಗೆ ಹೋಗಿ ಬೇರೆ ಪಕ್ಷ ಮಾಡ್ಕೊಂಡ್ರು, ತಾನು ಪಕ್ಷ ಬೆಂಬಲಿಸಿದ ಮೂರೂ ಬಣ್ಣದವರು ಗೆದ್ದು ಬಂದ್ರು. 1961ರ ಅಕ್ಟೋಬರ್‌ನಲ್ಲಿ ಪೌರತ್ವ ಮಸೂದೆ ಚರ್ಚೆಗೆ ಬಂದಾಗ ಚರ್ಮದ ಬಣ್ಣ ನೋಡಿ ಪೌರತ್ವ ಕೊಡ್ಬೇಕು ಅಂದವರ ಮೇಲೆ ಮನುಷ್ಯ ಕೆಂಡ ಆಗಿಬಿಟ್ರು, ಬೇಕಾದ್ರೆ ಸರ್ಕಾರ ಬಿಟ್ಟು ಹೋಗ್ತೀನಿ ಅನ್ನೋ ಮಟ್ಟಕ್ಕೆ. ಡಿಸೆಂಬರ್ 9ಕ್ಕೆ ಸ್ವಾತಂತ್ರ್ಯ (ಆಗ ದೇಶದ ಹೆಸರು ಟಾಂಗನ್ಯಿಕಾ). ಪ್ರಧಾನಿ ಆದ್ರು, ಆರೇ ವಾರಕ್ಕೆ ಖುರ್ಚಿ ರಶೀದಿ ಕವಾವಾಗೆ ಕೊಟ್ಟು ಪಕ್ಷ ಕಟ್ಟೋಕೆ ಊರೂರು ತಿರುಗೋಕೆ ಹೋದ್ರು, ಮುಂದಿನ ಡಿಸೆಂಬರ್‌ಗೆ ಗಣರಾಜ್ಯದ ಅಧ್ಯಕ್ಷರಾಗಿ ಬಂದ್ರು. ಅದೇ 1962ರಲ್ಲೇ ವಿಚಾರಣೆ ಇಲ್ಲದೆ ಜನರನ್ನ ಒಳಗೆ ಹಾಕೋ ಕಾನೂನೂ ಬಂತು. ಇವೆರಡು ಸಾಲು ಶೀಟ್‌ನಲ್ಲಿ ಹತ್ತಿರಹತ್ತಿರ ಇವೆ, ಬೇಕಂತಲೇ ಹಾಗೇ ಬಿಟ್ಟಿದೀನಿ.

ನನಗೆ ತುಂಬಾ ಹಿಡಿಸಿದ್ದು 1966ರ ಅಕ್ಟೋಬರ್. ಓದಿದ ಹುಡುಗರು ಎರಡು ವರ್ಷ ರಾಷ್ಟ್ರಸೇವೆ ಮಾಡ್ಬೇಕು, ಹೆಚ್ಚು ಭಾಗ ಕಡಿಮೆ ಸಂಬಳಕ್ಕೆ ಅಂತ ನಿಯಮ ಬಂತು. ಯೂನಿವರ್ಸಿಟಿ ಹುಡುಗರು ಗೌನ್ ಹಾಕ್ಕೊಂಡು ಮೆರವಣಿಗೆ ಬಂದ್ರು, ಇದಕ್ಕಿಂತ ವಸಾಹತು ಕಾಲವೇ ವಾಸಿ ಅನ್ನೋ ಅರ್ಥದ ಫಲಕ ಬೇರೆ ಹಿಡ್ಕೊಂಡು. ಮೇಷ್ಟ್ರು ಪೂರ್ತಿ ಕೇಳಿಸ್ಕೊಂಡ್ರು, ಆಮೇಲೆ ಶುರು ಮಾಡ್ಕೊಂಡ್ರು ನೋಡಿ. ಸಂಬಳ ಸಂಬಳ ಅಂತೀರಲ್ಲ, ಸರಿ, ನನ್ನ ಸಂಬಳದಿಂದಲೇ ಶುರು ಅಂತ ಅಲ್ಲೇ 20 ಪರ್ಸೆಂಟ್ ಕಟ್. ಹುಡುಗರು, ಹತ್ತಿರಹತ್ತಿರ ನಾನೂರು ಜನ, ಗಂಟುಮೂಟೆ ಕಟ್ಕೊಂಡು ಮನೆಗೆ. ಕ್ಲಾಸಿಂದ ಆಚೆ ನಿಲ್ಲಿಸೋದು ಅಂದ್ರೆ ಇದು. ಮೂರೇ ತಿಂಗಳಿಗೆ, 1967ರ ಫೆಬ್ರವರಿ 5ಕ್ಕೆ ಅರುಶಾ ಘೋಷಣೆ: ಬ್ಯಾಂಕ್ ಸರ್ಕಾರದ್ದು, ದೊಡ್ಡ ಕಂಪನಿ ಸರ್ಕಾರದ್ದು, ನಾಯಕರಿಗೆ ಎರಡು ಸಂಬಳ ಇಲ್ಲ, ಮನೆ ಬಾಡಿಗೆಗೆ ಕೊಡೋ ಹಾಗಿಲ್ಲ, ಷೇರಿಲ್ಲ. ಅದಕ್ಕೆ ಕೊಟ್ಟ ಹೆಸರು ಉಜಾಮಾ, ಕುಟುಂಬತನ ಅನ್ನಬಹುದೇನೋ. ಒಳಗಿರೋ 'ಜಮಾ' ಅರಬ್ಬಿಯಿಂದ ಬಂದಿದ್ದು, ನಮ್ಮಲ್ಲಿ ಜನ 'ಜಮಾಯಿಸೋ'ದೂ ಅದೇ ಬೇರು.

ಸ್ವಾಹಿಲಿ ಕಲಿಯೋದ್ರಲ್ಲಿ ಇಂಥವೇ ಖುಷಿ. ಹಬಾರಿ ಅಂದ್ರೆ ನಮ್ಮ ಖಬರು, ಹೆಸಾಬು ಅಂದ್ರೆ ಹಿಸಾಬು, ದುನಿಯಾ ದುನಿಯಾನೇ. ಇದಕ್ಕೆಲ್ಲ ಕಿರೀಟ ಇಟ್ಟಂಗೆ ಇನ್ನೊಂದು: ಮೇಷ್ಟ್ರು ದೇಶ ಆಳ್ತಾನೇ ಶೇಕ್ಸ್‌ಪಿಯರ್‌ನ ಎರಡು ನಾಟಕ ಸ್ವಾಹಿಲಿಗೆ ತಂದ್ರು, ಒಂದು ಜೂಲಿಯಸ್ ಸೀಸರ್ (ತನ್ನ ಹೆಸರಿನವನದೇ, ನೋಡಿ), ಇನ್ನೊಂದು ವೆನಿಸ್ ವ್ಯಾಪಾರಿ. ಎರಡನೇದಕ್ಕೆ ಇಟ್ಟ ಹೆಸರು 'ಮಬೇಪಾರಿ ವ ವೆನಿಸಿ'. ಮ ಅನ್ನೋದು ಬಹುವಚನ, ಬೇಪಾರಿ ಅನ್ನೋದು ಹಿಂದೂ ಮಹಾಸಾಗರ ದಾಟಿ ಹೋದ ನಮ್ಮ ಕಡೆಯ ವ್ಯಾಪಾರಿಗಳ ಜೊತೆ ಹೋದ ಪದ, ನಮ್ಮ ಹಳ್ಳೀಲಿ ಈಗ್ಲೂ ಬೇಪಾರ ಅಂತಾರಲ್ಲ ಅದೇ. ಆದ್ರೆ ಅಷ್ಟೊತ್ತಿಗೆ ಸ್ವಾಹಿಲಿಯಲ್ಲಿ ಬೇಪಾರಿ ಅಂದ್ರೆ ಬಂಡವಾಳಶಾಹಿ! ಒಬ್ಬ ವ್ಯಾಪಾರಿಯ ನಾಟಕ ಹೋಗಿ ವೆನಿಸಿನ ಬಂಡವಾಳಶಾಹಿಗಳು ಆಯ್ತು, ಪುಸ್ತಕ ಬಂದಿದ್ದು 1969, ಅರುಶಾ ಆಗಿ ಎರಡೇ ವರ್ಷ. ತಲೆಬರಹದಲ್ಲೇ ಪಾಠ ಹೇಳಿಬಿಟ್ರು. ಈ ಸಾಲಿಗೆ ಹಸಿರಿನ ಮೇಲೆ ಒಂದು ಸ್ಟಾರೂ ಹಾಕಿದೀನಿ.

ಈಗ ಒಂದೂವರೆ ತಿಂಗಳಿಂದ ಸಿಕ್ಕಿಹಾಕ್ಕೊಂಡಿರೋ ಜಾಗಕ್ಕೆ ಬರ್ತೀನಿ. 1968ರಲ್ಲಿ ಅವರೇ ಬರೀತಾರೆ, ಉಜಾಮಾ ಹಳ್ಳಿಗೆ (ಎಲ್ಲರೂ ಒಂದೇ ಕಡೆ ಇದ್ದು ಒಟ್ಟಿಗೆ ಉಳೋ ಹಳ್ಳಿ) ಯಾರನ್ನೂ ಬಲವಂತವಾಗಿ ಸೇರಿಸೋಕಾಗಲ್ಲ, ಜನ ತಾವೇ ಬರ್ಬೇಕು ಅಂತ. ಹಾಗೆ ತಾವೇ ಬಂದವರು ಇದ್ರು ಕೂಡ, ದಕ್ಷಿಣದ ಸೊಂಗೆಯಾ ಕಡೆ ರುವುಮಾ ಡೆವಲಪ್‌ಮೆಂಟ್ ಅಸೋಸಿಯೇಷನ್ ಅಂತ ಹಳ್ಳಿಗಳ ಕೂಟ, ಯಾರೂ ಹೇಳದೆ ಒಟ್ಟಿಗೆ ಉಳ್ತಿದ್ರು, ಸ್ಕೂಲ್ ಅವರೇ ನಡೆಸ್ತಿದ್ರು. ಮೇಷ್ಟ್ರಿಗೂ ಇಷ್ಟ ಇತ್ತು. 1969ರ ಸೆಪ್ಟೆಂಬರ್‌ನಲ್ಲಿ ಪಕ್ಷ ಅದನ್ನ ಮುಚ್ಚಿಸ್ತು. ಪಕ್ಷದ ಹಿಡಿತದ ಹೊರಗೆ ಬೆಳೀತಿದ್ದದ್ದೇ ತಪ್ಪು. ಯಾರು ಹೋಮ್‌ವರ್ಕ್ ಸರಿಯಾಗಿ ಮಾಡಿದ್ರೋ ಅವರ ನೋಟ್‌ಬುಕ್ಕೇ ಹರಿದಂಗೆ. 1971ರ ಕ್ರಿಸ್‌ಮಸ್ ದಿನ ಇರಿಂಗಾದಲ್ಲಿ ಪ್ರಾಂತ್ಯದ ಕಮಿಷನರ್ ಕ್ಲೆರೂ ಹೊಲಕ್ಕೆ ಹೋಗಿ ಒಬ್ಬ ರೈತನ ಜೊತೆ ಜಗಳಕ್ಕೆ ಬಿದ್ದಾಗ ರೈತ ಗುಂಡು ಹಾರಿಸಿ ಕೊಂದುಬಿಟ್ಟ, ಹೆಣ ತಾನೇ ಗಾಡೀಲಿ ಹಾಕ್ಕೊಂಡು ಪೊಲೀಸ್ ಸ್ಟೇಷನ್‌ಗೆ ಹೋದ. ಅಷ್ಟಾದ್ರೂ 1973ರ ನವೆಂಬರ್‌ನಲ್ಲಿ ಹಳ್ಳಿಗೆ ಸೇರೋದು ಆಜ್ಞೆ ಆಯ್ತು, ಮೂರು ವರ್ಷದ ಗಡುವು. ಅಂದಾಜು ಐವತ್ತು ಲಕ್ಷಕ್ಕೂ ಹೆಚ್ಚು ಜನ ಎದ್ದು ಹೋದ್ರು, ಕೆಲವು ಕಡೆ ಹಳೇ ಗುಡಿಸಲಿಗೆ ಬೆಂಕಿ ಇಟ್ಟು ಎಬ್ಬಿಸಿದ್ರು. ಅದೇ ಹೊತ್ತಿಗೆ ಬರಗಾಲ, ಪೆಟ್ರೋಲ್ ಎಣ್ಣೆ ರೇಟು ಏರಿದ್ದು, ಹೊರಗಿಂದ ಮೆಕ್ಕೆಜೋಳ ತರಿಸ್ಕೊಳ್ಳೋ ಪರಿಸ್ಥಿತಿ.

ಇಲ್ಲಿ ಎರಡು ಗುಂಪೂ ನನಗೆ ಸಹಾಯ ಮಾಡ್ತಿಲ್ಲ. ಭಕ್ತರು ತಪ್ಪೆಲ್ಲ ಕೆಳಗಿನ ಅಧಿಕಾರಿಗಳದು ಅಂತಾರೆ, ಬೈಯೋರು ಇನ್ನೊಬ್ಬ ಸರ್ವಾಧಿಕಾರಿ ಅಂತ ಒಂದೇ ಲೈನಲ್ಲಿ ಮುಗಿಸ್ತಾರೆ. ನನಗೆ ಕಾಣೋದು 1966ರ ಆ ಮನುಷ್ಯನೇ, ತನಗೂ ಶಿಕ್ಷೆ ಕೊಟ್ಕೊಂಡು ಹುಡುಗರಿಗೂ ಕೊಟ್ಟವರು, ಮಕ್ಕಳ ಒಳ್ಳೇದಕ್ಕೇ ಅಂತ ನಂಬಿಕೊಂಡು ಬೆತ್ತ ತಗೊಂಡವರು. ಆದ್ರೆ ಆ ಹಳ್ಳಿಯವರು ಮಕ್ಕಳಲ್ಲ, ಅವರಿಗೆ ಯಾವ ಗುಡ್ಡದಲ್ಲಿ ನೀರು ನಿಲ್ಲುತ್ತೆ, ಯಾವ ಮಣ್ಣಲ್ಲಿ ಏನು ಬೆಳೆಯುತ್ತೆ ಅಂತ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತಿತ್ತು. ಈ ಪ್ಯಾರಾ ನಾಲ್ಕು ಸಲ ಬರೆದು ಅಳಿಸಿದೀನಿ, ಐದನೇ ಸಲ ಇದು.

ಉಳಿದಿದ್ದು ಬೇಗ ಸಾಗ್ತಿದೆ. 1964ರ ಏಪ್ರಿಲ್ 26ರ ಜಂಜಿಬಾರ್ ವಿಲೀನ (ಟಾಂಗನ್ಯಿಕಾ ಮತ್ತೆ ಜಂಜಿಬಾರ್ ದ್ವೀಪ ಸೇರಿಯೇ ಟಾಂಜಾನಿಯಾ), ಎರಡೂ ಕಡೆ ಮಣ್ಣು ಬೆರೆಸ್ತಿರೋ ಆ ಫೋಟೋ ಸಮೇತ, ಹಸಿರು. ಚೀನಾದ ಬಡ್ಡಿ ಇಲ್ಲದ ಸಾಲದಲ್ಲಿ ಜಾಂಬಿಯಾಗೆ ಹಾಕಿದ 1,860 ಕಿಲೋಮೀಟರ್ ರೈಲು, ಹಸಿರು. 1978ರ ಅಕ್ಟೋಬರ್‌ನಲ್ಲಿ ಉಗಾಂಡದ ಇದಿ ಅಮೀನ್ ಗಡಿಯ ಕಗೆರಾಕ್ಕೆ ನುಗ್ಗಿದ್ದು, ಮುಂದಿನ ಏಪ್ರಿಲ್‌ಗೆ ಅವನ ರಾಜಧಾನಿ ಕಂಪಾಲಾನೇ ಬಿದ್ದಿದ್ದು, ಹಸಿರು, ಖರ್ಚಿನ ಲೆಕ್ಕ ಮಾತ್ರ ಹಳದಿ. ಭಾರತದ ಗಾಂಧಿ ಶಾಂತಿ ಪ್ರಶಸ್ತಿ ಮೊಟ್ಟಮೊದಲು, 1995ರಲ್ಲಿ, ಸಿಕ್ಕಿದ್ದು ಇವರಿಗೇ ಅನ್ನೋದು ಶೀಟ್ ಮಾಡೋ ತನಕ ನನಗೂ ಗೊತ್ತಿರಲಿಲ್ಲ.

1985ರ ನವೆಂಬರ್‌ನಲ್ಲಿ ಅಧಿಕಾರ ಅಲಿ ಹಸನ್ ಮ್ವಿನ್ಯಿಗೆ ಬಿಟ್ಟು ಬುಟಿಯಾಮಾ ದಾರಿ ಹಿಡಿದ್ರು, ಪಕ್ಷದ ಅಧ್ಯಕ್ಷಗಿರಿ ಮಾತ್ರ 1990ರ ತನಕ ಇಟ್ಕೊಂಡಿದ್ರು. ಅಲ್ಲಿಂದ ಮುಂದಿನ ಸಾಲುಗಳು ಖಾಲಿ, ಈ ತಿಂಗಳ ಕೆಲಸ ಅದೇ. ಅವರ ಹಳೇ ಭಾಷಣದ ಆಡಿಯೋ ಇಟ್ಕೊಂಡು ಕೂರ್ತಿದೀನಿ, ಸ್ಪೀಡ್ ಕಮ್ಮಿ ಮಾಡಿ, ಪೆನ್ನು ಹಿಡ್ಕೊಂಡು. ಅರ್ಧ ಗಂಟೇಲಿ ನನಗೆ ಅರ್ಥ ಆಗೋದು ಹತ್ತಿಪ್ಪತ್ತು ಪದ. ಒಂದು ಕಡೆ ಏನೋ ಹೇಳಿ ಅವರೇ ಮೊದಲು ನಗ್ತಾರೆ, ಸಣ್ಣ ದನಿ, ಕೀರಲು ಕೀರಲು, ಆಮೇಲೆ ಸಭೆ ಪೂರ್ತಿ ನಗುತ್ತೆ. ಏನ್ ಜೋಕ್ ಅಂತ ಇನ್ನೂ ಸಿಕ್ಕಿಲ್ಲ, ಆರು ಸಲ ರಿವೈಂಡ್ ಮಾಡಿದೀನಿ.